ಜೇನಿನ ಎರಿ: ಔಷಧವೇ, ಆಹಾರವೇ?

ಹೋದ ವರ್ಷ ಯುಗಾದಿ ಕಳೆದ ವಾರದಲ್ಲಿ ತುಮಕೂರಿನ ಮರಳೂರಿನಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನಿಗೆ ಮೊಮ್ಮಗ ಹುಟ್ಟಿ ಆಗಷ್ಟೇ ಇಪ್ಪತ್ತು ದಿನಗಳಾಗಿದ್ದವು. ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲಿನ ಪಾತ್ರೆ, ಅದರೊಳಗೆ ಕಂದು ಬಣ್ಣದ ಪಾಕದಲ್ಲಿ ಮುಳುಗಿದ ಅಂಗೈಯಗಲದ ಜೇನುಹುಟ್ಟು. ಬಯಲುಸೀಮೆಯವರು ಹುಟ್ಟು ಎನ್ನುವುದನ್ನು ಮಲೆನಾಡಿನ ನಾವು ಎರಿ ಎನ್ನುತ್ತೇವೆ. ರಸ್ತೆಬದಿಯಲ್ಲಿ ಬಕೆಟ್ಟಿನಲ್ಲಿಟ್ಟುಕೊಂಡು ಮಾರುತ್ತಿದ್ದವನಿಂದ ಕೊಂಡದ್ದಂತೆ. 'ಕಣ್ಣೆದುರಿಗೇ ಹುಟ್ಟಿಂದ ಹಿಂಡಿ ಕೊಟ್ಟ ಕಣೋ. ಬಾಟಲಿ ಜೇನನ್ನ ಯಾರು ನಂಬ್ತಾರೆ ಈಗ? ಕೂಸಿಗೆ ದಿನಾ ಒಂದು ತೊಟ್ಟು ನೆಕ್ಕಿಸಿದ್ರೆ ನಾಲಿಗೆ ಚೆನ್ನಾಗಿ ತಿರುಗುತ್ತೆ' ಎಂದಳು ಅಕ್ಕ.

'ನೆಕ್ಕಿಸ್ದೆಯೇನಕ್ಕ?' ಎಂದು ಕೇಳುವಾಗ ನನ್ನ ದನಿ ಸ್ವಲ್ಪ ಜೋರಾಗಿಯೇ ಇತ್ತು. ಇನ್ನೂ ಇಲ್ಲ, ಗುರುವಾರದಿಂದ ಶುರುಮಾಡಬೇಕೆಂದಿದ್ದಳು. ಆ ಪಾತ್ರೆಯನ್ನು ಮುಂದಿಟ್ಟುಕೊಂಡು ಅಂದು ನಾವಿಬ್ಬರೂ ಸುಮಾರು ಒಂದು ಗಂಟೆ ಮಾತನಾಡಿದೆವು. ಈ ಲೇಖನ ಬಹುಮಟ್ಟಿಗೆ ಆ ಮಾತುಕತೆಯ ವಿಸ್ತರಣೆ. ನಮ್ಮ ಗುಡ್ಡಗಾಡಿನ ಹಳ್ಳಿಗಳಿಂದಲೂ ಈಗ ಹಸಿ ಎರಿಯನ್ನು ಡಬ್ಬಿಗಳಲ್ಲಿ ತುಂಬಿ ಪೇಟೆಗೆ ಕಳಿಸುವ ಉತ್ಸಾಹ ಹುಟ್ಟಿರುವುದರಿಂದ, ಮಾರುವವರೂ ತಿನ್ನುವವರೂ ಕೆಲವು ಸಂಗತಿಗಳನ್ನು ಸ್ಪಷ್ಟವಾಗಿ ತಿಳಿದಿರುವುದು ಅಗತ್ಯವೆನಿಸಿದೆ.

ಮೊದಲು ಆ ಪಾತ್ರೆಯೊಳಗಿನ ವಸ್ತುವನ್ನೇ ನೋಡೋಣ. ಅದು ಹೆಜ್ಜೇನಿನ ಎರಿಯೆಂಬುದರಲ್ಲಿ ಸಂದೇಹವಿರಲಿಲ್ಲ. ಹೆಜ್ಜೇನು ಬಯಲಿನಲ್ಲಿ ತೂಗುವ ಒಂದೇ ಎರಿಯನ್ನು ಕಟ್ಟುತ್ತದೆ. ಕೊಂಬೆಗೆ ಅಥವಾ ಬಂಡೆಗೆ ಅಂಟಿಕೊಂಡ ಮೇಲ್ಭಾಗದ ಒಂದು ಬದಿಯಲ್ಲಿ ಮಾತ್ರ ದಪ್ಪನಾದ ಜೇನಿನ ಕೋಣೆಗಳಿರುತ್ತವೆ. ಕೆಳಗಿನ ವಿಶಾಲವಾದ ತೆಳುಭಾಗವೆಲ್ಲ ಮೊಟ್ಟೆ, ಮರಿಹುಳುಗಳ ತೊಟ್ಟಿಲು. ಅಕ್ಕ ಕೊಂಡ ತುಂಡಿನ ಕೋಣೆಗಳು ಒಂದೇ ಆಳದವಾಗಿದ್ದವು, ಗೋಡೆಗಳು ಕಪ್ಪುಗಟ್ಟಿದ್ದವು, ಒಳಗೆ ಮರಿಹುಳು ಸುತ್ತಿಕೊಂಡ ರೇಷ್ಮೆಯಂತಹ ಪೊರೆಗಳು ಉಳಿದಿದ್ದವು. ಎಂದರೆ ಆ ತುಂಡು ತೊಟ್ಟಿಲಿನ ಭಾಗ. ಅದರಲ್ಲಿ ಜೇನು ಎಂದೂ ಇದ್ದಿರಲಾರದು. ಪಾಕವನ್ನು ಮೂಸಿದಾಗ ಬೆಲ್ಲದ ವಾಸನೆ ಬರುತ್ತಿತ್ತು. ಮಾರುವವನು ತೋರಿಕೆಗಾಗಿ ಎರಿಯನ್ನು ಬೆಲ್ಲದ ಪಾಕದಲ್ಲಿ ಅದ್ದಿ, ಗಿರಾಕಿಯ ಎದುರು ಅದನ್ನೇ ಹಿಂಡಿ ಕೊಟ್ಟಿದ್ದ. ಅಕ್ಕನ ಕಣ್ಣು ಸುಳ್ಳು ಹೇಳಿರಲಿಲ್ಲ, ಆದರೆ ಕಂಡದ್ದು ಬೇರೆಯೇ ಆಗಿತ್ತು.

ಅಕ್ಕನ ಅಪನಂಬಿಕೆಗೆ ಕಾರಣವಿಲ್ಲದಿಲ್ಲ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಮಾರುಕಟ್ಟೆಯ ಜೇನಿನ 22 ಮಾದರಿಗಳನ್ನು ಪರೀಕ್ಷೆಗೊಳಪಡಿಸಿ, ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದವು ಐದು ಮಾತ್ರ ಎಂದು ಪ್ರಕಟಿಸಿತು. ಕಂಪನಿಗಳು ಅದನ್ನು ಒಪ್ಪಲಿಲ್ಲವೆಂಬುದು ನಿಜ. ಆದರೆ ಅಕ್ಕಿಯಿಂದ ತಯಾರಿಸಿದ ಸಕ್ಕರೆ ಪಾಕಗಳು ಸಾಮಾನ್ಯ ಪರೀಕ್ಷೆಗಳ ಕಣ್ತಪ್ಪಿಸಬಲ್ಲವೆಂಬುದು ಆಗ ಜನಕ್ಕೆ ತಿಳಿಯಿತು. ನೀರಿನ ಲೋಟಕ್ಕೆ ಹನಿ ಬಿಡುವುದು, ಬೆಂಕಿಕಡ್ಡಿಯನ್ನು ಅದ್ದಿ ಗೀರುವುದು, ನಾಯಿ ಮೂಸಿ ಬಿಡುತ್ತದೆಯೇ ಎಂದು ನೋಡುವುದು ಮುಂತಾದ ಮನೆಪರೀಕ್ಷೆಗಳು ಮೊದಲೇ ಕೆಲಸಕ್ಕೆ ಬಾರದವು. ಹೀಗಾಗಿ 'ಎರಿಯನ್ನು ಯಾರೂ ಕಾರ್ಖಾನೆಯಲ್ಲಿ ಮಾಡಲಾರರು' ಎಂಬ ತರ್ಕ ಜನರನ್ನು ಸೆಳೆಯುತ್ತಿದೆ. ತರ್ಕವೇನೋ ಸರಿ, ಆದರೆ ಪೆಟ್ಟಿಗೆಯ ಜೇನಿಗೆ ಸಕ್ಕರೆ ಪಾಕವನ್ನು ಕುಡಿಸಿದರೆ ಅದು ಆ ಪಾಕವನ್ನೇ ಎರಿಯಲ್ಲಿ ತುಂಬಿ, ಮೇಲೆ ಅಂದವಾದ ಮೇಣದ ಮುಚ್ಚಳವನ್ನೂ ಹಾಕಿಕೊಡುತ್ತದೆ. ಎರಿ ಅಸಲಿ, ಒಳಗಿನದು ಸಕ್ಕರೆ.

ಎರಿಯೊಳಗೆ ಏನಿದೆ?

ಅಸಲಿ ಎರಿಯೇ ಸಿಕ್ಕಿತೆಂದಿಟ್ಟುಕೊಳ್ಳೋಣ. ಅದರಲ್ಲಿ ಬಹುಪಾಲು ಜೇನುತುಪ್ಪ, ಸ್ವಲ್ಪ ಮೇಣ, ಕೆಲವೊಮ್ಮೆ ಒಂದಿಷ್ಟು ಪರಾಗ. ಜೇನ್ನೊಣದ ಮೇಣದ ಮನೆ ಎಷ್ಟು ಮಿತವ್ಯಯದ್ದೆಂದರೆ, 40 ಗ್ರಾಂ ಮೇಣದಿಂದ ಕಟ್ಟಿದ ಎರಿ ಸುಮಾರು 2 ಕಿಲೊ ಜೇನನ್ನು ಹೊರಬಲ್ಲದು. ಕೋಣೆಯ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಆದ್ದರಿಂದ ಹೊಸ ಎರಿಯ 50 ಗ್ರಾಂ ತುಂಡನ್ನು ಬಾಯಿಗಿಟ್ಟುಕೊಂಡವರು ತಿನ್ನುವ ಮೇಣ ಒಂದೆರಡು ಗ್ರಾಂ ಅಷ್ಟೆ. ಉಳಿದುದೆಲ್ಲ ಜೇನೇ.

ಆ ಜೇನಿನಲ್ಲಿ ಪೋಷಕಾಂಶ ಎಷ್ಟು? 100 ಗ್ರಾಂ ಜೇನು ಸುಮಾರು 304 ಕಿಲೊಕ್ಯಾಲೊರಿ ಶಕ್ತಿಯನ್ನೂ 80 ಗ್ರಾಂಗೂ ಮೀರಿದ ಸಕ್ಕರೆಗಳನ್ನೂ ಕೊಡುತ್ತದೆ. ಫ್ರಕ್ಟೋಸ್ ಹೆಚ್ಚು, ಗ್ಲೂಕೋಸ್ ಅದಕ್ಕಿಂತ ಸ್ವಲ್ಪ ಕಡಿಮೆ. ಸಸಾರಜನಕ ಅರ್ಧ ಗ್ರಾಂ ಕೂಡ ಇಲ್ಲ. ಕಬ್ಬಿಣಾಂಶ ಅರ್ಧ ಮಿಲಿಗ್ರಾಂಗಿಂತ ಕಡಿಮೆ, ಸುಣ್ಣದಂಶ 6 ಮಿಲಿಗ್ರಾಂ, ಸಿ ಜೀವಸತ್ವ ಹೆಸರಿಗೆ ಮಾತ್ರ. ಇದನ್ನು ತುಮಕೂರಿನವರ ಮುದ್ದೆಯೊಡನೆ ಹೋಲಿಸಿ ನೋಡಿ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ದೇವರಾಯನದುರ್ಗದ ಕಾಡಂಚಿನಲ್ಲಿ ಆಯ್ದ ಒಂದು ಬೆಟ್ಟದ ನೆಲ್ಲಿಕಾಯಿಯ ಸಿ ಜೀವಸತ್ವವನ್ನು ಜೇನಿನಿಂದ ಪಡೆಯಬೇಕಾದರೆ ಕಿಲೊಗಟ್ಟಲೆ ಜೇನನ್ನು ತಿನ್ನಬೇಕಾದೀತು. 'ಖನಿಜ, ಜೀವಸತ್ವಗಳ ಆಗರ' ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿಸುವ ನಮ್ಮ ಸಂಘಗಳು ಈ ಲೆಕ್ಕವನ್ನೊಮ್ಮೆ ಮಾಡಿನೋಡುವುದು ಒಳ್ಳೆಯದು. ಸಕ್ಕರೆ ಕಾಯಿಲೆಯವರಿಗೆ ಜೇನು ಸಕ್ಕರೆಯಲ್ಲವೆಂದು ಹೇಳುವುದಂತೂ ಅಪರಾಧಕ್ಕೆ ಸಮ. ವಿಶ್ವ ಆರೋಗ್ಯ ಸಂಸ್ಥೆಯು 2015ರ ಮಾರ್ಗಸೂಚಿಯಲ್ಲಿ ಜೇನಿನ ಸಕ್ಕರೆಯನ್ನೂ ಮಿತಿಗೊಳಿಸಬೇಕಾದ ಸಕ್ಕರೆಗಳ ಲೆಕ್ಕಕ್ಕೇ ಸೇರಿಸಿದೆ.

ಹಾಗೆಂದು ಜೇನು ಬರಿಯ ಸಕ್ಕರೆಯೂ ಅಲ್ಲ. ಜೇನ್ನೊಣ ತನ್ನ ದೇಹದಿಂದ ಅದಕ್ಕೆ ಸೇರಿಸುವ ಗ್ಲೂಕೋಸ್ ಆಕ್ಸಿಡೇಸ್ ಎಂಬ ಕಿಣ್ವ, ಜೇನು ತುಸು ನೀರಾದಾಗ ಹೈಡ್ರೋಜನ್ ಪೆರಾಕ್ಸೈಡನ್ನು ನಿಧಾನವಾಗಿ ಹೊರಬಿಡುತ್ತದೆ. ಜೊತೆಗೆ ಜೇನು ಆಮ್ಲೀಯ. ಸೂಕ್ಷ್ಮಾಣುಗಳು ಬೆಳೆಯಲು ಬೇಕಾದಷ್ಟು ನೀರೂ ಅದರಲ್ಲಿಲ್ಲ. ಗಾಯಕ್ಕೆ ಜೇನು ಸವರುವ ಹಳೆಯ ಪದ್ಧತಿಯ ಹಿಂದಿರುವುದು ಇದೇ ಕಾರಣ. ಇಂದಿನ ಆಸ್ಪತ್ರೆಗಳು ಗಾಯಕ್ಕೆ ಬಳಸುವ ಜೇನನ್ನು ವಿಕಿರಣದಿಂದ ಸಂಸ್ಕರಿಸಿರುತ್ತಾರೆ, ಅದು ಬೇರೆ ಮಾತು. ಜೇನನ್ನು ಕಾಯಿಸಿದರೆ ಈ ಕಿಣ್ವಗಳು ನಾಶವಾಗುತ್ತವೆ. ಕಾಯಿಸಿದ ಜೇನನ್ನು ಸೇವಿಸಬಾರದೆಂದು ಆಯುರ್ವೇದ ಹೇಳುತ್ತದೆ; ಅದು ವಿಷವಾಗುತ್ತದೆಂಬುದನ್ನು ನಾನು ಒಪ್ಪಲಾರೆ, ಆದರೆ ಗುಣ ಕುಂದುತ್ತದೆಂಬುದನ್ನು ಪ್ರಯೋಗಶಾಲೆಯೂ ಒಪ್ಪುತ್ತದೆ. ಹಸಿ ಎರಿಯಲ್ಲಿರುವ ಜೇನು ಬೆಂಕಿಯನ್ನು ಕಂಡಿಲ್ಲ, ಗಾಳಿಯ ತೇವವನ್ನು ಹೀರಿಲ್ಲ, ಯಾರ ಕೈಯಲ್ಲೂ ಬೆರಕೆಯಾಗಿಲ್ಲ. ಎರಿಯ ಜೇನಿನ ನಿಜವಾದ ಹೆಚ್ಚುಗಾರಿಕೆ ಇಷ್ಟೇ, ಮತ್ತು ಇದು ಸಣ್ಣದೇನಲ್ಲ.

ಕೆಮ್ಮಿನ ವಿಷಯದಲ್ಲಿ ಅಜ್ಜಿಯರ ಮಾತಿಗೆ ಗಟ್ಟಿಯಾದ ಆಧಾರ ಸಿಕ್ಕಿದೆ. 2007ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 105 ಮಕ್ಕಳ ಮೇಲೆ ನಡೆದ ಅಧ್ಯಯನದಲ್ಲಿ, ಮಲಗುವ ಮುನ್ನ ಕೊಟ್ಟ ಜೇನು ರಾತ್ರಿಯ ಕೆಮ್ಮನ್ನು ತಗ್ಗಿಸಿತು. 2018ರಲ್ಲಿ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯ ಕರಡೂ ತೀವ್ರ ಕೆಮ್ಮಿಗೆ ಆಂಟಿಬಯೋಟಿಕ್ಕಿಗಿಂತ ಮೊದಲು ಜೇನನ್ನು ಹೆಸರಿಸಿತು. ಆದರೆ ಇವೆಲ್ಲ ಜೇನುತುಪ್ಪವನ್ನು ಕುರಿತದ್ದು, ಎರಿಯನ್ನು ಜಗಿಯುವುದನ್ನು ಕುರಿತದ್ದಲ್ಲ.

ಮೇಣದ ಮಾತಿಗೆ ಬರೋಣ. ಮೇಣವೆಂದರೆ ಉದ್ದ ಸರಪಳಿಯ ಆಮ್ಲ ಮತ್ತು ಆಲ್ಕೋಹಾಲುಗಳು ಬೆಸೆದುಕೊಂಡ ಕೊಬ್ಬಿನಂತಹ ವಸ್ತು. ಅದನ್ನು ಬಿಡಿಸಬಲ್ಲ ಶಕ್ತಿ ನಮ್ಮ ಜಠರಕ್ಕಿಲ್ಲ. ನಮ್ಮ ಪೆಟ್ಟಿಗೆಗಳನ್ನು ಹಾಳುಗೆಡಹುವ ಮೇಣದ ಪತಂಗದ ಹುಳುವಿಗೆ ಅದು ಊಟ. ಆಫ್ರಿಕದಲ್ಲಿ ಜನರಿಗೆ ಜೇನಿನ ದಾರಿ ತೋರುವ ಒಂದು ಹಕ್ಕಿಯೂ ಅದನ್ನು ಅರಗಿಸಿಕೊಳ್ಳುತ್ತದೆ. ಮನುಷ್ಯನ ಹೊಟ್ಟೆಯಲ್ಲಿ ಅದು ಒಳಹೊಕ್ಕಂತೆಯೇ ಹೊರಬೀಳುತ್ತದೆ. ಸ್ವಲ್ಪ ನುಂಗಿದರೆ ತೊಂದರೆಯಿಲ್ಲ, ಜಗಿದು ಉಗುಳಿದರೆ ನಷ್ಟವೂ ಇಲ್ಲ. ಮೇಣ ಕೊಲೆಸ್ಟರಾಲನ್ನು ಇಳಿಸುತ್ತದೆಂಬ ಪ್ರಚಾರವೊಂದಿದೆ. ಅದರ ಮೂಲ, ಕ್ಯೂಬಾದ ವಿಜ್ಞಾನಿಗಳು ಕಬ್ಬಿನ ಮೇಣ, ಜೇನುಮೇಣಗಳಿಂದ ಬೇರ್ಪಡಿಸಿ ಶುದ್ಧೀಕರಿಸಿದ ಆಲ್ಕೋಹಾಲುಗಳ ಮೇಲೆ ನಡೆಸಿದ ಪ್ರಯೋಗಗಳು. 2006ರಲ್ಲಿ ಜರ್ಮನಿಯಲ್ಲಿ ಕಬ್ಬಿನ ಮೇಣದ ಆಲ್ಕೋಹಾಲುಗಳನ್ನು ಸ್ವತಂತ್ರವಾಗಿ ಪರೀಕ್ಷಿಸಿದಾಗ ಆ ಗುಣ ಕಾಣಲಿಲ್ಲ. ಅದಿರಲಿ, ಪ್ರಯೋಗಶಾಲೆಯಲ್ಲಿ ಬಿಡಿಸಿ ತೆಗೆದ ಅಂಶಕ್ಕೂ ಎರಿಯಲ್ಲಿ ಬೆಸೆದುಕೊಂಡೇ ಇರುವ ಅಂಶಕ್ಕೂ ಅಜಗಜಾಂತರವಿದೆ.

ಇನ್ನೊಂದು ಪ್ರಚಾರ ಪ್ರೊಪೊಲಿಸ್ ಎಂಬ ಮರದಂಟಿನದು. ಯುರೋಪಿನ ಜೇನ್ನೊಣ ಮರಗಳ ಅಂಟನ್ನು ತಂದು ಗೂಡಿನ ಬಿರುಕುಗಳಿಗೆ ಮೆತ್ತುತ್ತದೆ; ಅದರ ಔಷಧೀಯ ಗುಣಗಳ ಬಗ್ಗೆ ಬೇಕಾದಷ್ಟು ಬರೆಹಗಳಿವೆ. ನಮ್ಮ ತುಡುವೆ ಈ ಅಂಟನ್ನು ಸಂಗ್ರಹಿಸುವುದೇ ಇಲ್ಲ ಎನ್ನಬಹುದು. ಆ ಬರೆಹಗಳನ್ನು ಕನ್ನಡಕ್ಕೆ ಇಳಿಸಿ ತುಡುವೆಯ ಎರಿಗೆ ಅಂಟಿಸುವುದು ಸರಿಯಲ್ಲ. ಅಂಟನ್ನು ನಿಜಕ್ಕೂ ಬಳಸುವುದು ನಮ್ಮಲ್ಲಿ ಮುಜಂಟಿ, ಮಿಸರಿ ಎಂದೆಲ್ಲ ಕರೆಸಿಕೊಳ್ಳುವ ಕೊಂಡಿಯಿಲ್ಲದ ಪುಟ್ಟ ಜೇನು. ಅದು ಎರಿಯನ್ನು ಬಿಟ್ಟು ಪುಟ್ಟ ಗಡಿಗೆಗಳಲ್ಲಿ ಜೇನನ್ನು ಕೂಡಿಡುತ್ತದೆ. ಪರಾಗದಲ್ಲಿ ಸಸಾರಜನಕವಿರುವುದು ನಿಜವಾದರೂ, ಒಂದು ತುಂಡು ಎರಿಯಲ್ಲಿ ಸಿಗುವ ಪ್ರಮಾಣಕ್ಕಿಂತ ಒಂದು ಹಿಡಿ ಹುರುಳಿಕಾಳು ಎಷ್ಟೋ ಮೇಲು. ಪರಾಗ ಒಗ್ಗದವರಿಗೆ ಎರಿಯಿಂದ ತುರಿಕೆ, ಉಬ್ಬಸ ಬರುವುದೂ ಉಂಟು.

ಎಳೆಗೂಸಿನ ನಾಲಿಗೆ

ಅಕ್ಕನ ಮನೆಯಲ್ಲಿ ನನ್ನ ದನಿ ಜೋರಾದ ಕಾರಣವನ್ನು ಇಲ್ಲಿ ಹೇಳಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನನ್ನು, ಅದರಲ್ಲೂ ಹಸಿ ಎರಿಯ ಜೇನನ್ನು, ಕೊಡಲೇಬಾರದು. ಮಣ್ಣಿನಲ್ಲಿ, ಧೂಳಿನಲ್ಲಿ ಇರುವ ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ಸೂಕ್ಷ್ಮಾಣುವಿನ ಬೀಜಕಗಳು ಜೇನಿನಲ್ಲೂ ಸೇರಿರಬಹುದು. ಜೇನಿನೊಳಗೆ ಅವು ಮೊಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ದೊಡ್ಡವರ ಕರುಳಿನಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳು ಅವಕ್ಕೆ ಎಡೆಗೊಡುವುದಿಲ್ಲ. ಎಳೆಗೂಸಿನ ಕರುಳಿನಲ್ಲಿ ಆ ಕಾವಲು ಇನ್ನೂ ಬೆಳೆದಿರುವುದಿಲ್ಲ. ಬೀಜಕ ಅಲ್ಲಿ ಮೊಳೆತು ನರಗಳನ್ನು ಸುಮ್ಮನಾಗಿಸುವ ವಿಷವನ್ನು ಹೊರಬಿಡುತ್ತದೆ. ಮೊದಲು ಮಲಬದ್ಧತೆ, ಆಮೇಲೆ ಕ್ಷೀಣವಾದ ಅಳು, ಹಾಲು ಚೀಪಲಾರದ ಸ್ಥಿತಿ, ಕತ್ತು ನಿಲ್ಲದಿರುವುದು, ಕೊನೆಗೆ ಉಸಿರಾಟದ ತೊಂದರೆ. ಈ ರೋಗವನ್ನು ಗುರುತಿಸಿದ್ದೇ 1976ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಕುದಿಯುವ ನೀರಿನ ಬಿಸಿಗೂ ಬೀಜಕ ಜಗ್ಗುವುದಿಲ್ಲವಾದ್ದರಿಂದ ಕಾಯಿಸಿ ಕೊಟ್ಟರೂ ಪ್ರಯೋಜನವಿಲ್ಲ.

'ನಮ್ಮಲ್ಲಿ ತಲೆತಲಾಂತರದಿಂದ ನೆಕ್ಕಿಸಿದ್ದಾರೆ, ಯಾರಿಗೇನಾಯ್ತು?' ಎಂದು ಅಕ್ಕ ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಈ ರೋಗ ಅಪರೂಪದ್ದು. ನೂರಾರು ಕೂಸುಗಳಿಗೆ ಏನೂ ಆಗದಿರಬಹುದು. ಆದರೆ ಕತ್ತು ಸೋತು ಉಸಿರು ಕಟ್ಟಿದ ಕೂಸೊಂದು ಹಳ್ಳಿಯಲ್ಲಿ ತೀರಿಕೊಂಡಾಗ ಅದಕ್ಕೆ ಬಾಲಗ್ರಹವೆಂದೋ ದೃಷ್ಟಿಯೆಂದೋ ಹೆಸರಿಟ್ಟ ಕಾಲ ತೀರಾ ಹಿಂದಿನದೇನಲ್ಲ. ಆರು ತಿಂಗಳವರೆಗೆ ತಾಯಿಯ ಹಾಲು ಬಿಟ್ಟು ನೀರೂ ಬೇಡವೆಂದಿರುವಾಗ ಒಂದು ತೊಟ್ಟು ಜೇನಿನಿಂದ ಆಗಬೇಕಾದ್ದು ಏನೂ ಇಲ್ಲ. ಹುಟ್ಟಿದ ಕೂಸಿಗೆ ಜೇನು ತುಪ್ಪ ನೆಕ್ಕಿಸುವ ಶಾಸ್ತ್ರವನ್ನು ನಡೆಸಲೇಬೇಕೆನ್ನುವವರು ಆ ಬೆರಳನ್ನು ತಾಯಿಯ ಬಾಯಿಗೇ ಇಡಲಿ.

ಮೇಣ ಹಿಡಿದಿಟ್ಟುಕೊಳ್ಳುವ ವಿಷ

ಇಷ್ಟು ಹೊತ್ತು ಎರಿಯ ಗುಣದೋಷಗಳನ್ನು ಪ್ರಯೋಗಶಾಲೆಯ ಕಣ್ಣಿನಿಂದ ನೋಡಿದೆವು. ನನ್ನ ಮಟ್ಟಿಗೆ ಎರಿಯ ಆರೋಗ್ಯದ ಪ್ರಶ್ನೆ ನಿಜವಾಗಿ ಆರಂಭವಾಗುವುದು ಇಲ್ಲಿಂದ.

ಮೇಣ ಕೊಬ್ಬಿನ ಜಾತಿಯದು. ನಾವು ಬಳಸುವ ಎಷ್ಟೋ ಕೀಟನಾಶಕಗಳು ನೀರಿಗಿಂತ ಕೊಬ್ಬಿನಲ್ಲಿ ಬೇಗ ಕರಗುತ್ತವೆ. ಜೇನುತುಪ್ಪದಲ್ಲಿ ನಿಲ್ಲದ ವಿಷವೂ ಮೇಣದಲ್ಲಿ ಸೇರಿ ವರ್ಷಗಟ್ಟಲೆ ಉಳಿಯಬಲ್ಲದು. 2010ರಲ್ಲಿ ಉತ್ತರ ಅಮೆರಿಕದ ಜೇನುಗೂಡುಗಳಿಂದ ತೆಗೆದ ಮೇಣ, ಪರಾಗ, ನೊಣಗಳ 887 ಮಾದರಿಗಳ ವಿಶ್ಲೇಷಣೆ ಪ್ರಕಟವಾಯಿತು. ಒಟ್ಟು 121 ಬಗೆಯ ಕೀಟನಾಶಕಗಳು ಮತ್ತು ಅವುಗಳ ಅವಶೇಷಗಳು ಅದರಲ್ಲಿ ಸಿಕ್ಕವು. ನುಸಿಯನ್ನು ಕೊಲ್ಲಲು ಜೇನುಸಾಕಣೆದಾರರೇ ಗೂಡಿನೊಳಗೆ ಬಳಸಿದ ಎರಡು ಔಷಧಗಳಂತೂ ಮೇಣದ ಬಹುತೇಕ ಎಲ್ಲ ಮಾದರಿಗಳಲ್ಲಿದ್ದವು. 2017ರಲ್ಲಿ ಜಗತ್ತಿನ ಎಲ್ಲೆಡೆಯಿಂದ ತಂದ 198 ಜೇನಿನ ಮಾದರಿಗಳಲ್ಲಿ ಮುಕ್ಕಾಲು ಪಾಲಿನಲ್ಲಿ ನಿಯೋನಿಕೋಟಿನಾಯ್ಡ್ ಗುಂಪಿನ ಒಂದಾದರೂ ಕೀಟನಾಶಕ ಕಂಡುಬಂತು. ಪ್ರಮಾಣ ಮನುಷ್ಯರ ಮಟ್ಟಿಗೆ ನಿಗದಿಯಾದ ಮಿತಿಗಿಂತ ಬಹುತೇಕ ಕಡಿಮೆಯೇ ಇತ್ತು, ಸುಮ್ಮನೆ ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಜೇನುತುಪ್ಪವನ್ನು ಸೋಸಿ ತಿನ್ನುವವನಿಗಿಂತ ಎರಿಯನ್ನೇ ಜಗಿಯುವವನು ಮೇಣದಲ್ಲಿರುವುದನ್ನೂ ಜಗಿಯುತ್ತಾನೆ.

ತುಮಕೂರು ಸೀಮೆಯ ತೆಂಗನ್ನೇ ತೆಗೆದುಕೊಳ್ಳಿ. ವರ್ಷವಿಡೀ ಹೊಂಬಾಳೆ ಬಿಡುವ ತೆಂಗು ಜೇನಿಗೆ ಬರಗಾಲದ ಅನ್ನದಾತ. ಹೊಂಗೆ, ಬೇವು, ನೇರಳೆ, ಹುಣಸೆಗಳ ಹೂ ಮುಗಿದ ಮೇಲೂ ಅಲ್ಲಿ ಪರಾಗ ಸಿಗುತ್ತದೆ. ಈ ಶತಮಾನದ ಆರಂಭದ ಹೊತ್ತಿಗೆ ನುಸಿಪೀಡೆ ನಮ್ಮ ತೋಟಗಳಿಗೆ ನುಗ್ಗಿದಾಗ, ತೆಂಗಿನ ಬೇರಿಗೆ ಮಾನೋಕ್ರೋಟೋಫಾಸ್ ಕುಡಿಸುವ ಪದ್ಧತಿ ಊರೂರಿಗೆ ಹಬ್ಬಿತು. ಬೇರಿನಿಂದ ಏರಿದ ಔಷಧ ಮರದ ತುಂಬ ಹರಡುವಂತಹದು. ಎಳನೀರಿಗೆ ಇಷ್ಟು ದಿನ ಕೈಹಚ್ಚಬೇಡಿ ಎಂದು ರೈತರಿಗೆ ನಾವು ಹೇಳುತ್ತಿದ್ದೆವು. ಹೊಂಬಾಳೆಗೆ ಬರುವ ಜೇನಿಗೆ ಅದನ್ನು ಹೇಳುವವರಾರು? ಕೃಷಿ ವಿಜ್ಞಾನಿಗಳಾದ ನಮ್ಮ ಗುಂಪಿನಲ್ಲಿ ಆ ಪ್ರಶ್ನೆಯನ್ನು ಕೇಳಿದವರು ಕಡಿಮೆ, ಆಗಷ್ಟೇ ವಿದ್ಯಾರ್ಥಿ ದೆಸೆ ಮುಗಿಸುತ್ತಿದ್ದ ನಾನೂ ಕೇಳಲಿಲ್ಲ. ಕಾಸರಗೋಡಿನ ಗೇರುತೋಪುಗಳ ಮೇಲೆ 2000ದವರೆಗೂ ವಿಮಾನದಿಂದ ಎಂಡೋಸಲ್ಫಾನ್ ಸುರಿದಾಗ, ಮನುಷ್ಯರ ಸಂಕಟ ಹೊರಜಗತ್ತಿಗೆ ಕಾಣುವುದಕ್ಕೆ ಮುಂಚೆಯೇ ಅಲ್ಲಿನ ಕೃಷಿಕರು ಜೇನು ಇಲ್ಲವಾದುದನ್ನು ಗಮನಿಸಿದ್ದರು. ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಲ್ಲೆಲ್ಲ ತಡೆಹಿಡಿದದ್ದು 2011ರ ಮೇ ತಿಂಗಳಿನಲ್ಲಿ.

ನಗರದ ಹೆಜ್ಜೇನಿನ ಕಥೆ ಇನ್ನೂ ನೇರ. ಮರಳೂರಿನ ಸುತ್ತ ದೊಡ್ಡ ಮರಗಳು ಕಡಿಮೆಯಾದಂತೆ ಹೆಜ್ಜೇನು ನೀರಿನ ಟ್ಯಾಂಕಿಗೆ, ವಸತಿ ಕಟ್ಟಡಗಳ ಸಜ್ಜಾಕ್ಕೆ ಬಂದು ಕೂರುತ್ತಿದೆ. ಹೆದರಿದ ಜನ ಕೀಟನಾಶಕ ಸಿಂಪಡಿಸುವವರನ್ನು ಕರೆಸುತ್ತಾರೆ. ಅಕ್ಕನ ಮನೆಯ ಎರಡು ಬೀದಿ ಆಚೆ ಹಾಗೆಯೇ ಆಗಿತ್ತು. ಸಂಜೆ ಔಷಧ ಹೊಡೆದರು. ಬೆಳಿಗ್ಗೆ ಸತ್ತ ನೊಣಗಳನ್ನು ಗುಡಿಸಿ ಮೂಟೆ ಕಟ್ಟಿದರು. ಕೆಳಗೆ ಬಿದ್ದ ಎರಿಯನ್ನು ಯಾರೋ ಬಕೆಟ್ಟಿನಲ್ಲಿ ತುಂಬಿಕೊಂಡು ಹೋದರಂತೆ. ಅಕ್ಕನ ಪಾತ್ರೆಯಲ್ಲಿದ್ದುದು ಅದೇ ಎರಿಯೆಂದು ನಾನು ಹೇಳಲಾರೆ. ಅಲ್ಲವೆಂದು ಹೇಳಲು ಅವಳಿಗೂ ಆಗಲಿಲ್ಲ. ಅಷ್ಟು ಹೊತ್ತಿನ ನನ್ನ ಉಪನ್ಯಾಸಕ್ಕೆ ಜಗ್ಗದಿದ್ದ ಅಕ್ಕ ಎದ್ದು ಪಾತ್ರೆಯನ್ನು ಹಿತ್ತಲಿನ ತಿಪ್ಪೆಗೆ ಸುರಿದದ್ದು ಆಗಲೇ.

ನಮ್ಮ ಕಡೆಯವರು ಏನು ಮಾಡಬಹುದು?

ಗುಡ್ಡಗಾಡಿನವರಾದ ನಮಗೆ ಹೆಮ್ಮೆಪಡಲು ಅವಸರ ಬೇಡ. ಹೆಜ್ಜೇನಿನ ಇಡೀ ಎರಿಯನ್ನು ಕತ್ತರಿಸಿ, ಮರಿಹುಳು ಸಮೇತ ಹಿಂಡುವವರು ನಮ್ಮಲ್ಲೂ ಇದ್ದಾರೆ. ಹುಳುವಿನ ರಸ ಬೆರೆತ ಆ ಜೇನು ನೊರೆಗಟ್ಟಿ ಬೇಗ ಹುಳಿಯುತ್ತದೆ. ಅದನ್ನೇ 'ಕಾಡಿನ ಶಕ್ತಿ' ಎಂದು ಮಾರುವುದುಂಟು. ಬಿಳಿಗಿರಿರಂಗನ ಬೆಟ್ಟದಲ್ಲಿ, ನೀಲಗಿರಿಯ ಕೋಟಗಿರಿ ಸುತ್ತಿನಲ್ಲಿ ಜೇನು ಇಳಿಸುವ ಬುಡಕಟ್ಟಿನವರ ನಡುವೆ ಮರಿಯ ಭಾಗವನ್ನು ಬಿಟ್ಟು ಜೇನಿನ ತಲೆಯನ್ನಷ್ಟೇ ಕೊಯ್ಯುವ ಕ್ರಮವನ್ನು ಬಲಪಡಿಸುವ ಕೆಲಸ ದಶಕಗಳಿಂದ ನಡೆದಿದೆ. 2011ರಲ್ಲಿ ಬಿಳಿಗಿರಿಯ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆತಾಗ ಜೇನು ಸಂಗ್ರಹವೂ ಅದರಲ್ಲಿ ಸೇರಿತ್ತು. ತೊಟ್ಟಿಲು ಉಳಿದರೆ ಕುಟುಂಬ ಉಳಿಯುತ್ತದೆ, ಅದೇ ಋತುವಿನಲ್ಲಿ ಮತ್ತೊಮ್ಮೆ ಜೇನು ಕೂಡಿಡುವುದೂ ಉಂಟು. ಕೊಡಗಿನ ರೊಬಸ್ಟಾ ಕಾಫಿ ತನ್ನದೇ ಪರಾಗದಿಂದ ಕಾಯಿ ಕಟ್ಟಲಾರದು. ಅದರ ಹೂವಿಗೆ ಬರುವ ಮುಖ್ಯ ಅತಿಥಿ ಹೆಜ್ಜೇನು. ಒಂದು ಬಕೆಟ್ ಎರಿಗಾಗಿ ಕುಟುಂಬವನ್ನೇ ಸುಡುವವನು ಯಾರ ತೋಟದ ಫಸಲನ್ನು ಸುಡುತ್ತಿದ್ದಾನೆಂದು ಲೆಕ್ಕ ಇಟ್ಟವರಿಲ್ಲ.

ಎರಿಯನ್ನು ಮಾರಲೇಬೇಕಿದ್ದರೆ ಅದು ಪೆಟ್ಟಿಗೆಯ ತುಡುವೆಯದಾಗಿರಲಿ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ರಾಜ್ಯದ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ನಾಶವಾದದ್ದನ್ನು ನಮ್ಮ ಹಿರಿಯರು ಮರೆತಿಲ್ಲ. ನೀರು ತುಂಬಿದ ಚೀಲದಂತಾಗಿ ಸತ್ತ ಮರಿಗಳ ಎರಿಗಳನ್ನು ಸುಟ್ಟು, ಖಾಲಿ ಪೆಟ್ಟಿಗೆಗಳನ್ನು ಅಟ್ಟಕ್ಕೆ ಹಾಕಿದವರು ಎಷ್ಟೋ ಜನ. ಕಾಡಿನ ಪೊಟರೆಗಳಲ್ಲಿ ಉಳಿದ ಗಟ್ಟಿ ಕುಟುಂಬಗಳಿಂದಲೇ ತುಡುವೆ ನಿಧಾನವಾಗಿ ಮರಳಿತು. ಅದಕ್ಕೆ ಹೊರಗಿನ ಮೇಣದ ಹಾಳೆ ಕೊಡಬೇಡಿ. ಹಳೆಯ ಮೇಣವನ್ನು ಕರಗಿಸಿ ಮಾಡಿದ ಹಾಳೆಯಲ್ಲಿ ಹಳೆಯ ವಿಷವೂ ಇರುತ್ತದೆ, ಕೆಲವೊಮ್ಮೆ ಪೆಟ್ರೋಲಿಯಂ ಮೇಣದ ಬೆರಕೆಯೂ. ಖಾಲಿ ಚೌಕಟ್ಟಿನಲ್ಲಿ ತಾನೇ ಕಟ್ಟಿದ, ಮರಿ ಕಾಣದ, ಬೆಳ್ಳಗಿನ ಹೊಸ ಎರಿಯನ್ನಷ್ಟೇ ಕೊಯ್ಯಿರಿ. ಕೋಣೆಗಳಿಗೆ ಮುಚ್ಚಳ ಬಿದ್ದಿರಬೇಕು. ನೀರಿನಂಶ 20ರ ಆಸುಪಾಸಿಗೆ ಇಳಿಯಿತೆಂಬುದಕ್ಕೆ ಜೇನೇ ಹಾಕಿಕೊಟ್ಟ ಮುದ್ರೆ ಅದು. ಮಲೆನಾಡಿನ ತೇವದ ಗಾಳಿಯಲ್ಲಿ, ಮಳೆಗಾಲ ಹತ್ತಿರವಾದಾಗ ಮುಚ್ಚಳ ಬಿದ್ದ ಜೇನೂ ತೆಳುವಾಗಿರುತ್ತದೆ. ಅದನ್ನು ಅವಕ್ಕೇ ಬಿಡುವುದು ಲೇಸು. ಒಂದು ಕಿಲೊ ಮೇಣ ಕಟ್ಟಲು ನೊಣಗಳು ಆರರಿಂದ ಎಂಟು ಕಿಲೊ ಜೇನನ್ನು ಖರ್ಚು ಮಾಡುತ್ತವೆಂಬುದು ನೆನಪಿರಲಿ. ಎರಿಯ ಬೆಲೆ ಜೇನುತುಪ್ಪದ ಬೆಲೆಗಿಂತ ಹೆಚ್ಚಿರಲೇಬೇಕು, ಮತ್ತು ವರ್ಷಕ್ಕೆ ಒಂದು ಪೆಟ್ಟಿಗೆಯಿಂದ ಒಂದೆರಡು ಚೌಕಟ್ಟಿಗಿಂತ ಹೆಚ್ಚು ಕೊಯ್ಯಬಾರದು.

ಡಬ್ಬಿಯ ಮೇಲೆ ಏನು ಬರೆಯಬೇಕೆಂದು ನಮ್ಮ ಹುಡುಗರು ಕೇಳುತ್ತಾರೆ. ಜೀವಸತ್ವಗಳ ಪಟ್ಟಿಯನ್ನು ಬಿಟ್ಟು ಕೊಯ್ದ ತಿಂಗಳನ್ನು ಬರೆಯಿರಿ, ಆಗ ಯಾವ ಹೂವಿತ್ತೆಂದು ಬರೆಯಿರಿ, ಒಂದು ವರ್ಷದೊಳಗಿನ ಮಗುವಿಗೆ ಬೇಡವೆಂದು ದಪ್ಪಕ್ಷರದಲ್ಲಿ ಬರೆಯಿರಿ. ತುಡುವೆ ಸಾಮಾನ್ಯವಾಗಿ ಒಂದೆರಡು ಕಿಲೋಮೀಟರಿನೊಳಗೆ ಮೇವು ಹುಡುಕುತ್ತದೆ. ಆ ಸುತ್ತಳತೆಯಲ್ಲಿ ಯಾರ ತೋಟಕ್ಕೆ ಯಾವ ಔಷಧ ಯಾವಾಗ ಬಿತ್ತೆಂದು ಹೇಳಬಲ್ಲವರು ಮಾತ್ರ ತಮ್ಮ ಎರಿಯನ್ನು ಆರೋಗ್ಯಕರವೆಂದು ಕರೆಯಬಹುದು. ನನ್ನ ಪೆಟ್ಟಿಗೆಗಳ ಬಗ್ಗೆ ಹಾಗೆ ಹೇಳಲು ನೆರೆಯ ಇಬ್ಬರು ಶುಂಠಿ ಬೆಳೆಗಾರರ ಜೊತೆ ನನ್ನ ಮಾತುಕತೆ ಇನ್ನೂ ನಡೆಯುತ್ತಿದೆ. ಒಬ್ಬರು ಜೇನು ಹೊರಗಿರದ ಸಂಜೆಯ ಹೊತ್ತಿನಲ್ಲಿ ಮಾತ್ರ ಔಷಧ ಹೊಡೆಯಲು ಒಪ್ಪಿದ್ದಾರೆ. ಇನ್ನೊಬ್ಬರು ಒಪ್ಪಿಲ್ಲ.

ಅಕ್ಕನ ಮೊಮ್ಮಗನಿಗೆ ಈಗ ವರ್ಷ ತುಂಬಿದೆ. ಅವನಿಗೆಂದು ನನ್ನ ಪೆಟ್ಟಿಗೆಯ ಒಂದು ತುಂಡು ಎರಿಯನ್ನು ಎತ್ತಿಟ್ಟಿದ್ದೇನೆ. ಕಳೆದ ವಾರ ಅಕ್ಕ ಫೋನು ಮಾಡಿದ್ದಳು. ಅದೇ ಟ್ಯಾಂಕಿಗೆ ಮತ್ತೆ ಹೆಜ್ಜೇನು ಬಂದಿದೆಯಂತೆ, ಬೀದಿಯವರು ಔಷಧ ಹೊಡೆಸಲು ದುಡ್ಡು ಎತ್ತುತ್ತಿದ್ದಾರಂತೆ. ಹೆಜ್ಜೇನು ಹಳೆಯ ತಾಣಕ್ಕೇ ಮರಳುವ ಜಾತಿ. ಹೊಂಗೆ, ಹುಣಸೆಯ ಹೂ ಮುಗಿದು ಮಳೆ ಹಿಡಿದರೆ ತಾನಾಗಿಯೇ ಎದ್ದು ಹೋಗುತ್ತದೆ. ಅಲ್ಲಿಯವರೆಗೆ ಟ್ಯಾಂಕಿನ ಬಳಿಯ ದೀಪವನ್ನು ರಾತ್ರಿ ಆರಿಸಿಡಿ, ಬೆಳಕಿಗೆ ಅವು ಎದ್ದು ಬರುತ್ತವೆ. ಮಕ್ಕಳು ಕಲ್ಲು ಹೊಡೆಯದಂತೆ ನೋಡಿಕೊಳ್ಳಿ ಎಂದೆ. 'ನಾನು ಹೇಳಿದ್ರೆ ಯಾರು ಕೇಳ್ತಾರೋ, ನೀನೇ ಒಂದು ಸಲ ಬಂದು ಹೇಳು' ಎಂದಳು. ಮುಂದಿನ ಭಾನುವಾರ ಎರಿಯ ತುಂಡಿನೊಡನೆ ಮರಳೂರಿಗೆ ಹೊರಟಿದ್ದೇನೆ.